ಮುಂದಿನ ವರ್ಷ ಬರ್ತೇನೆ ಸರ್

ಕಾಲೇಜು ಬಿಟ್ಟವರು ಯಾರೂ ನನ್ನ ಹತ್ತಿರ ಬಂದು "ಬಿಟ್ಟೆ ಸರ್" ಅಂತ ಹೇಳಿದ್ದು ನೆನಪಿಲ್ಲ. ಅವರು ಹೇಳುವುದು ಒಂದೇ ಮಾತು. "ಈ ಸಲ ಆಗಲ್ಲ, ಮುಂದಿನ ವರ್ಷ ಬರ್ತೇನೆ ಸರ್." ಕೆಲವರು ಅದನ್ನೂ ಹೇಳುವುದಿಲ್ಲ. ಸೋಮವಾರ ಬಂದಿರುತ್ತಾರೆ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ಶನಿವಾರದ ಹೊತ್ತಿಗೆ ಅವರು ಕೂರುತ್ತಿದ್ದ ಜಾಗದಲ್ಲಿ ಬೇರೆ ಯಾರೋ ಚೀಲ ಇಟ್ಟಿರುತ್ತಾರೆ.

ನಾನು ಮುಂಬಯಿಯ ಒಂದು ರಾತ್ರಿ ಕಾಲೇಜಿನಲ್ಲಿ ಅಕೌಂಟ್ಸ್ ಹೇಳಿಕೊಡುತ್ತೇನೆ. ಹಗಲು ಹೊತ್ತು ಒಂದು ಸಾಗಾಟದ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸಂಜೆ ಆರೂವರೆಗೆ ಇಲ್ಲಿಗೆ ಬರುತ್ತೇನೆ. ಹಗಲು ಬೇರೆ ಶಾಲೆ ನಡೆಯುವ ಕಟ್ಟಡ ಅದು. ಬೆಂಚುಗಳು ಏಳನೇ ಕ್ಲಾಸಿನ ಮಕ್ಕಳ ಅಳತೆಗೆ ಮಾಡಿಸಿದವು. ಇಪ್ಪತ್ತೈದು ವರ್ಷದ ಗಂಡಸರು ಮೊಣಕಾಲು ಮಡಚಿಕೊಂಡು ಅವುಗಳಲ್ಲಿ ಕೂರುತ್ತಾರೆ. ಗೋಡೆಯ ಮೇಲೆ ಹಗಲಿನ ಮಕ್ಕಳು ಅಂಟಿಸಿದ ಹಣ್ಣುಗಳ ಚಿತ್ರ. ನಮ್ಮ ಹುಡುಗರಲ್ಲಿ ಹೋಟೆಲಿನವರಿದ್ದಾರೆ, ಆಫೀಸಿನ ಕ್ಯಾಂಟೀನಿನವರಿದ್ದಾರೆ, ಕೊರಿಯರ್ ಹುಡುಗರಿದ್ದಾರೆ, ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ಕಾಲು ಬಾತ ಹುಡುಗಿಯರಿದ್ದಾರೆ. ಈಚೆಗೆ ಬೈಕಿನಲ್ಲಿ ಊಟ ತಲುಪಿಸುವವರು ಜಾಸ್ತಿ. ಅವರು ಕ್ಲಾಸಿನಲ್ಲೂ ಫೋನನ್ನು ತೊಡೆಯ ಮೇಲೇ ಇಟ್ಟುಕೊಂಡಿರುತ್ತಾರೆ. ಬಯ್ಯಬೇಕು ಅನಿಸುತ್ತದೆ, ಬಯ್ಯುವುದಿಲ್ಲ.

ಮಳೆಗಾಲದಲ್ಲಿ ಕ್ಲಾಸು ಶುರುವಾದಾಗ ಬೆಂಚು ಸಾಲುವುದಿಲ್ಲ. ಗಣಪತಿ ಹಬ್ಬಕ್ಕೆ ಊರಿಗೆ ಹೋದವರಲ್ಲಿ ನಾಲ್ಕೈದು ಜನ ವಾಪಸ್ ಬರುವುದಿಲ್ಲ. ದೀಪಾವಳಿ ಕಳೆಯುವಷ್ಟರಲ್ಲಿ ಹಿಂದಿನ ಎರಡು ಸಾಲು ಖಾಲಿ. ಪರೀಕ್ಷೆಯ ಫಾರ್ಮ್ ತುಂಬುವ ಹೊತ್ತಿಗೆ ಇನ್ನಷ್ಟು ಕರಗುತ್ತದೆ. ಉಳಿದವರಲ್ಲಿ ಹೆಚ್ಚಿನವರು ಪಾಸಾಗುತ್ತಾರೆ, ಅದು ಬೇರೆ ಮಾತು. ಸ್ಟಾಫ್ ರೂಮಿನಲ್ಲಿ ನಾವು ಪಾಸಾದವರ ಲೆಕ್ಕ ಹೇಳಿಕೊಂಡು ಖುಷಿಪಡುತ್ತೇವೆ. ಪರೀಕ್ಷೆಗೆ ಕೂತವರಲ್ಲಿ ಎಷ್ಟು ಜನ ಪಾಸು ಅನ್ನುವ ಲೆಕ್ಕ ಅದು. ಜೂನ್‌ನಲ್ಲಿ ಹೆಸರು ಬರೆಸಿದವರಲ್ಲಿ ಎಷ್ಟು ಜನ ಅಂತ ಯಾರೂ ಕೇಳುವುದಿಲ್ಲ. ಲೆಕ್ಕದ ಮಾಸ್ತರನಾಗಿ ನನಗೆ ಇದು ಮುಜುಗರದ ವಿಷಯ. ಓಪನಿಂಗ್ ಬ್ಯಾಲೆನ್ಸ್ ಬಿಟ್ಟು ಖಾತೆ ಬರೆದ ಹಾಗೆ.

ನಾನೂ ಒಂದು ಸಲ ಬಿಟ್ಟವನೇ. 1988ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಬಂದು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹೋಟೆಲಿಗೆ ಸೇರಿದೆ. ಮೊದಲು ಟೇಬಲ್ ಒರೆಸುವುದು, ಆಮೇಲೆ ನೀರು, ಆಮೇಲೆ ಸಪ್ಲೈ. ರಾತ್ರಿ ಟೇಬಲ್ ಜೋಡಿಸಿ ಅದರ ಮೇಲೇ ನಿದ್ದೆ. ಹತ್ತನೇ ಕ್ಲಾಸು ಊರಲ್ಲೇ ಆಗಿತ್ತು. ಇಲ್ಲಿ ರಾತ್ರಿ ಕಾಲೇಜು ಸೇರಿ ಹನ್ನೆರಡನೆಯದು ಮುಗಿಸಿದೆ. ಬಿಕಾಂ ಎರಡನೇ ವರ್ಷದಲ್ಲಿ, ಅಂದರೆ ಇಲ್ಲಿನವರು ಎಸ್‌ವೈ ಅನ್ನುತ್ತಾರಲ್ಲ, ಅಲ್ಲಿ ನಿಂತುಹೋಯಿತು. ಕಾರಣ ಕೇಳಿದರೆ ನಗುತ್ತೀರಿ. ಪರೀಕ್ಷೆಯ ಫಾರ್ಮ್ ಕಟ್ಟುವ ಕೊನೆಯ ದಿನ ಹೋಟೆಲಿನಲ್ಲಿ ಇಬ್ಬರಿಗೆ ಜ್ವರ. ನಾನು ಹೊರಟದ್ದೇ ಏಳೂಕಾಲಿಗೆ. ಆಫೀಸಿನ ಕಿಟಕಿ ಏಳಕ್ಕೇ ಮುಚ್ಚಿತ್ತು. ರಾತ್ರಿ ಕಾಲೇಜಿನ ಆಫೀಸು ಸಂಜೆ ಏಳಕ್ಕೆ ಮುಚ್ಚುವುದು ಎಂಥ ನಿಯಮ ಅಂತ ಇವತ್ತಿಗೂ ಅರ್ಥವಾಗಿಲ್ಲ. ಮರುದಿನ ಹೋದೆ. ಲೇಟ್ ಫೀ ಕಟ್ಟಬೇಕು ಅಂದರು. ಆ ಮೊತ್ತ ಜೇಬಿನಲ್ಲಿ ಇರಲಿಲ್ಲ. ಸೇಠ್ ಹತ್ತಿರ ಕೇಳಲು ನಾಚಿಕೆ, ಯಾಕೆಂದರೆ ಆ ತಿಂಗಳು ಆಗಲೇ ಮನೆಗೆ ಅಂತ ಮುಂಗಡ ತೆಗೆದುಕೊಂಡಿದ್ದೆ. ಮುಂದಿನ ವರ್ಷ ನೋಡುವ ಅಂದುಕೊಂಡೆ.

ಆ ಮುಂದಿನ ವರ್ಷ ಬರಲು ಮೂರು ವರ್ಷ ಬೇಕಾಯಿತು.

ನನ್ನನ್ನು ವಾಪಸ್ ಎಳೆದು ತಂದವರು ಪ್ರೊಫೆಸರ್ ಅಲ್ಲ, ಪ್ರಿನ್ಸಿಪಾಲ್ ಅಲ್ಲ. ಕಾಲೇಜಿನ ಪ್ಯೂನ್. ರತ್ನಾಗಿರಿ ಕಡೆಯವರು, ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಕ್ಲಾಸಿನಿಂದ ಕ್ಲಾಸಿಗೆ ಒಯ್ಯುವುದು ಅವರ ಕೆಲಸ. ಯಾರ ಹೆಸರಿನ ಮುಂದೆ ಸಾಲಾಗಿ ಖಾಲಿ ಬಿದ್ದಿದೆ ಅಂತ ಮೇಷ್ಟ್ರುಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಯಾರು ಯಾವ ಹೋಟೆಲಿನವರು ಅಂತಲೂ ಗೊತ್ತಿತ್ತು. ಸ್ಟೇಷನ್ನಿನಿಂದ ಕಾಲೇಜಿಗೆ ಬರುವ ದಾರಿಯಲ್ಲಿ ಒಂದೊಂದು ದಿನ ಒಂದೊಂದು ಹೋಟೆಲಿನಲ್ಲಿ ಕಟಿಂಗ್ ಚಾ ಕುಡಿಯುತ್ತಿದ್ದರು. ಚಾ ತಂದಿಟ್ಟ ಹುಡುಗನ ಮುಖ ನೋಡಿ ಅದೇ ಪ್ರಶ್ನೆ. "ಕಾಯ್ ರೇ, ಕುಠೇ ಹೋತಾಸ್?" ಎಲ್ಲಿದ್ದೆಯೋ ಇಷ್ಟು ದಿನ?

ನನಗೂ ಹಾಗೇ ಕೇಳಿದರು. ಮೂರು ವರ್ಷವಾದ ಮೇಲೆ, ನಿನ್ನೆ ತಪ್ಪಿಸಿಕೊಂಡವನನ್ನು ಕೇಳಿದಂತೆ. "ಫಾರ್ಮ್ ಬಂದಿದೆ, ಇಪ್ಪತ್ತೆರಡಕ್ಕೆ ಕೊನೆ" ಅಂದರು. ಚಾದ ಲೋಟ ಇಟ್ಟು ಹೋದರು. ಉಪದೇಶ ಇಲ್ಲ, ಬುದ್ಧಿಮಾತು ಇಲ್ಲ. ಅವತ್ತು ರಾತ್ರಿ ಟೇಬಲ್ ಮೇಲೆ ಮಲಗಿದಾಗ ನನಗೆ ಹೊಳೆದದ್ದು ಇಷ್ಟು: ಅಲ್ಲಿ ಇನ್ನೂ ನನ್ನ ಹೆಸರು ಯಾರಿಗೋ ನೆನಪಿದೆ.

ಹೋದ ವರ್ಷ ತಂಗಿಯ ಮಗಳು ಫೋನು ಮಾಡಿದ್ದಳು. ಅವಳು ನ್ಯೂಯಾರ್ಕ್‌ನಲ್ಲಿದ್ದಾಳೆ. "ಮಾವ, ಇಲ್ಲಿ ಕಮ್ಯುನಿಟಿ ಕಾಲೇಜು ಅಂತ ಇದೆ, ಥೇಟ್ ನಿಮ್ಮ ಕಾಲೇಜಿನ ಹಾಗೇ. ಎಲ್ಲರೂ ಕೆಲಸ ಮಾಡಿಕೊಂಡು ಓದುವವರು. ಅರ್ಧಕ್ಕರ್ಧ ಬಿಟ್ಟು ಹೋಗ್ತಾರಂತೆ" ಅಂದಳು. ಅಮೆರಿಕದಲ್ಲೂ ಹಾಗಾ ಅಂತ ಕುತೂಹಲಕ್ಕೆ ಓದಲು ಶುರುಮಾಡಿದೆ. ಇಲಿನಾಯ್‌ನ ಜೋಲಿಯೆಟ್ ಅನ್ನುವ ಊರಿನಲ್ಲಿ 1901ರಲ್ಲಿ ಶುರುವಾದ ಪದ್ಧತಿ ಅದು. ಎರಡು ವರ್ಷದ ಪದವಿ, ಫೀಸು ಕಡಿಮೆ, ಮನೆ ಹತ್ತಿರ. ಯಾರು ಬೇಕಾದರೂ ಸೇರಬಹುದು. ಸೇರುವುದು ಸುಲಭ, ಮುಗಿಸುವುದೇ ಕಷ್ಟ. ಓದುತ್ತಾ ಹೋದ ಹಾಗೆ ನನಗೆ ನಮ್ಮ ಹಿಂದಿನ ಎರಡು ಸಾಲು ಕಣ್ಣಿಗೆ ಕಟ್ಟಿತು.

ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ 2007ರಲ್ಲಿ ಒಂದು ಯೋಜನೆ ಶುರುಮಾಡಿತು. ಅದನ್ನು ಏಸ್ಯಾಪ್ ಅನ್ನುತ್ತಾರೆ. ಫೀಸಿನಲ್ಲಿ ಕೊರತೆ ಬಿದ್ದದ್ದನ್ನು ತುಂಬಿಕೊಡುವುದು, ಪುಸ್ತಕ ಕೊಡುವುದು, ಗಣಿತ ಇಂಗ್ಲಿಷಿನಲ್ಲಿ ಹಿಂದೆ ಇದ್ದವರಿಗೆ ಮೊದಲೇ ಪಾಠ ಮಾಡಿಸುವುದು, ಇವೆಲ್ಲ ಇದ್ದವು. ಜೊತೆಗೆ ಒಬ್ಬೊಬ್ಬ ವಿದ್ಯಾರ್ಥಿಗೆ ಗೊತ್ತುಮಾಡಿದ ಒಬ್ಬ ಸಲಹೆಗಾರ. ಮಾಮೂಲಿನಂತೆ ಒಬ್ಬ ಸಲಹೆಗಾರರ ಪಾಲಿಗೆ ನೂರಾರು ಜನ, ಕೆಲವೆಡೆ ಸಾವಿರ ದಾಟಿದವರು. ಇಲ್ಲಿ 60ರಿಂದ 80 ಜನ ಮಾತ್ರ. ಇದರಿಂದ ಏನಾಗುತ್ತದೆ ಅಂತ ನೋಡಲು ಮೂರು ಕಾಲೇಜುಗಳ ಸುಮಾರು 900 ಬಡ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಸವಲತ್ತು, ಇನ್ನೊಂದಕ್ಕೆ ಮಾಮೂಲಿ ಕಾಲೇಜು. ಮೂರು ವರ್ಷದಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 40 ಜನ ಪದವಿ ಮುಗಿಸಿದರು. ಎರಡನೆಯದರಲ್ಲಿ 22. ಖರ್ಚು ಜಾಸ್ತಿ ಆಯಿತು, ಹೌದು. ಆದರೆ ಒಂದು ಪದವಿಗೆ ಬಿದ್ದ ಖರ್ಚು ಅಂತ ಲೆಕ್ಕ ಹಾಕಿದರೆ ಕಡಿಮೆಯೇ ಬಿತ್ತು. ಈ ಲೆಕ್ಕ ನನಗೆ ಬಹಳ ಹಿಡಿಸಿತು. ಹೋಟೆಲಿನವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಹಿಟ್ಟು ರುಬ್ಬಿ ಅರ್ಧ ಚೆಲ್ಲುವವನ ದೋಸೆಗೆ ಖರ್ಚು ಜಾಸ್ತಿಯೇ.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ಸಂಗತಿ. ಆ ವಿದ್ಯಾರ್ಥಿಗಳಿಗೆ ಊರಿನ ಮೆಟ್ರೊ ಮತ್ತು ಬಸ್ಸಿನ ಪಾಸನ್ನು ಬಿಟ್ಟಿ ಕೊಡುತ್ತಿದ್ದರು. ಆದರೆ ಸುಮ್ನೆ ಮನೆಗೆ ಕಳಿಸುತ್ತಿರಲಿಲ್ಲ. ಸಲಹೆಗಾರರನ್ನು ಭೇಟಿಯಾಗುವುದು ತಪ್ಪಿಸಿದರೆ ಪಾಸಿಲ್ಲ. ಅಂದರೆ ಪಾಸಿನ ನೆಪದಲ್ಲಾದರೂ ಹುಡುಗ ಬಂದು ಮುಖ ತೋರಿಸಬೇಕು. ಮುಖ ತೋರಿಸಿದಾಗ "ಏನಪ್ಪಾ, ಯಾಕೆ ಸೊರಗಿದ್ದೀಯ" ಅಂತ ಕೇಳಲು ಅಲ್ಲಿ ಒಬ್ಬರು ಕೂತಿರುತ್ತಾರೆ. ನಮ್ಮ ಕಾಕಾ ಕಟಿಂಗ್ ಚಾದ ನೆಪದಲ್ಲಿ ಮಾಡುತ್ತಿದ್ದದ್ದು ಇದನ್ನೇ ಅಲ್ವಾ? ಅವರಿಗೆ ಯಾವ ವಿಶ್ವವಿದ್ಯಾಲಯವೂ ದುಡ್ಡು ಕೊಟ್ಟಿರಲಿಲ್ಲ. ಚಾದ ದುಡ್ಡೂ ಅವರದೇ.

ನಮ್ಮಲ್ಲೂ ಲೋಕಲ್ ರೈಲಿನ ಪಾಸಿಗೆ ವಿದ್ಯಾರ್ಥಿಗಳಿಗೆ ಅರ್ಧ ದರದ ರಿಯಾಯಿತಿ ಇದೆ. ಅದರ ಫಾರ್ಮ್ ಕಾಲೇಜಿನ ಆಫೀಸಿನಿಂದಲೇ ಸಿಗಬೇಕು. ಹಾಗಾಗಿ ನಾನು ಒಂದು ಸಣ್ಣ ಉಪಾಯ ಮಾಡಿದೆ. ಆಫೀಸಿನವರನ್ನು ಒಪ್ಪಿಸಿ, ನನ್ನ ಕ್ಲಾಸಿನವರ ಫಾರ್ಮನ್ನು ನಾನೇ ಕೈಗೆ ಕೊಡುವ ಹಾಗೆ ಮಾಡಿಕೊಂಡೆ. ಫಾರ್ಮ್ ಬೇಕಾದರೆ ನನ್ನ ಹತ್ತಿರ ಬರಬೇಕು. ಬಂದರೆ ಐದು ನಿಮಿಷ ಕೂರಬೇಕು. ಮೊದಮೊದಲು ಹುಡುಗರಿಗೆ ಇದು ಪೀಡೆ ಅನಿಸಿತು. ಒಬ್ಬನಂತೂ "ಸರ್, ಪೊಲೀಸ್ ಸ್ಟೇಷನ್ನಲ್ಲಿ ಸಹಿ ಹಾಕಿದ ಹಾಗಾಯ್ತು" ಅಂದ. ಆದರೆ ಆ ಐದು ನಿಮಿಷದಲ್ಲಿ ನನಗೆ ಗೊತ್ತಾದಷ್ಟು ವಿಷಯ ಅಷ್ಟು ವರ್ಷ ಪಾಠ ಮಾಡಿ ಗೊತ್ತಾಗಿರಲಿಲ್ಲ. ಒಬ್ಬನಿಗೆ ಮಲಗಲು ಜಾಗ ಬದಲಾಗಿದೆ, ಈಗ ದಿನಾ ದೂರದ ಡೊಂಬಿವಲಿಯಿಂದ ಬರಬೇಕು. ಒಬ್ಬನ ಅಪ್ಪನಿಗೆ ಆಪರೇಷನ್. ಒಬ್ಬನಿಗೆ ಏನೂ ತೊಂದರೆಯಿಲ್ಲ, ಪಾಠ ಮಾತ್ರ ಒಂದಕ್ಷರ ತಲೆಗೆ ಹೋಗುತ್ತಿಲ್ಲ, ಯಾರಲ್ಲಿ ಹೇಳುವುದು ಅಂತ ಸುಮ್ಮನಿದ್ದಾನೆ.

ಈ ಮೂರನೆಯವನು ಬಹಳ ಅಪಾಯದವನು. ಯಾಕೆಂದರೆ ಮೊದಲ ಇಬ್ಬರು ತೊಂದರೆ ಕಳೆದ ಮೇಲೆ ಬರಬಹುದು. ಇವನು ತನಗೆ ತಲೆಯೇ ಇಲ್ಲ ಅಂತ ತೀರ್ಮಾನಿಸಿ ಹೋಗುತ್ತಾನೆ. ಅವನು ವಾಪಸ್ ಬರುವುದಿಲ್ಲ.

ಊರಲ್ಲಿ ಕನ್ನಡದಲ್ಲಿ ಓದಿದ ಹುಡುಗ ಇಲ್ಲಿ ಕಾಮರ್ಸಿಗೆ ಸೇರುತ್ತಾನೆ. ಓಸಿ ಅಂದರೆ ವ್ಯಾಪಾರ ಸಂಘಟನೆ, ಎಸ್‌ಪಿ ಅಂದರೆ ಕಾರ್ಯದರ್ಶಿಯ ಕೆಲಸ, ಬಿಕೆ ಅಂದರೆ ಲೆಕ್ಕ ಬರೆಯುವುದು, ಎಲ್ಲ ಇಂಗ್ಲಿಷಿನಲ್ಲಿ. ಮೊದಲ ವಾರ ಡೆಬಿಟ್, ಕ್ರೆಡಿಟ್ ಅಂತ ಬೋರ್ಡಿನ ಮೇಲೆ ಬರೆದರೆ ಅವನು ಅದನ್ನು ಚಿತ್ರ ಬಿಡಿಸಿದ ಹಾಗೆ ಇಳಿಸಿಕೊಳ್ಳುತ್ತಾನೆ. ಅರ್ಥ ಕೇಳುವ ಧೈರ್ಯವಿಲ್ಲ. ಹೀಗೇ ಒಬ್ಬ ಇದ್ದ, ಹೆಬ್ರಿ ಕಡೆಯ ಹುಡುಗ, ಕುರ್ಲಾದ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಜರ್ನಲ್ ಎಂಟ್ರಿ ಒಂದೂ ಸರಿ ಬರುತ್ತಿರಲಿಲ್ಲ. ಒಂದು ದಿನ ಫಾರ್ಮಿಗೆ ಬಂದಾಗ ಕೇಳಿದೆ, "ನಿಮ್ಮ ಹೋಟೆಲಿಗೆ ಹಾಲು ಯಾರು ಹಾಕ್ತಾರೆ?" ಹೇಳಿದ. "ದುಡ್ಡು ದಿನಾ ಕೊಡ್ತೀರಾ?" "ಇಲ್ಲ ಸರ್, ತಿಂಗಳಿಗೆ." "ಹಾಗಾದ್ರೆ ಇವತ್ತು ಹಾಲು ಕೊಟ್ಟವನು ಯಾರು?" "ಹಾಲಿನವನು." "ಕೊಟ್ಟವನು ಕ್ರೆಡಿಟ್. ತಿಂಗಳ ಕೊನೆಗೆ ದುಡ್ಡು ತಗೊಂಡವನು ಯಾರು?" "ಅವನೇ." "ತಗೊಂಡವನು ಡೆಬಿಟ್." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇಷ್ಟೇನಾ ಸರ್? ಇದು ಗಲ್ಲೆಯಲ್ಲಿ ಕೂತಾಗ ನಾನೇ ಮಾಡ್ತೇನಲ್ಲ" ಅಂದ. ಹೌದು ಮಾರಾಯ, ಇಷ್ಟೇ. ಸೇಠ್ ಇಲ್ಲದಾಗ ಗಲ್ಲೆಯಲ್ಲಿ ಕೂತು ರಾತ್ರಿ ಹನ್ನೊಂದಕ್ಕೆ ಒಂದು ರೂಪಾಯಿ ಹೆಚ್ಚುಕಡಿಮೆಯಾಗದಂತೆ ಲೆಕ್ಕ ಒಪ್ಪಿಸುವ ಹುಡುಗ, ಸಂಜೆ ಏಳಕ್ಕೆ ನನ್ನ ಕ್ಲಾಸಿನಲ್ಲಿ ದಡ್ಡನಾಗಿ ಕೂತಿದ್ದ. ದಡ್ಡ ಯಾರು ಅಂತ ನನಗೆ ಅವತ್ತು ಅನುಮಾನ ಬಂತು. ಅಂದಿನಿಂದ ಮೊದಲ ತಿಂಗಳು ನಾನು ಪುಸ್ತಕದ ಲೆಕ್ಕ ಮುಟ್ಟುವುದಿಲ್ಲ. ಹಾಲು, ತರಕಾರಿ, ಗ್ಯಾಸು, ಸಂಬಳದ ಮುಂಗಡ, ಇವುಗಳದ್ದೇ ಖಾತೆ. ಸಿಲೆಬಸ್ ಹಿಂದೆ ಬೀಳುತ್ತದೆ ಅಂತ ಪ್ರಿನ್ಸಿಪಾಲರು ಒಮ್ಮೆ ಮುನಿಸಿಕೊಂಡಿದ್ದರು. ಸಿಲೆಬಸ್ಸನ್ನು ಜನವರಿಯಲ್ಲಿ ಓಡಿಸಿ ಹಿಡಿಯಬಹುದು. ಹೋದ ಹುಡುಗನನ್ನು ಎಲ್ಲಿ ಹಿಡಿಯುವುದು?

ಇನ್ನು ಕೆಟಿ ವಿಷಯ. ಮುಂಬಯಿಯಲ್ಲಿ ಡಿಗ್ರಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೆರಡು ವಿಷಯದಲ್ಲಿ ಫೇಲಾದರೂ ಮುಂದಿನ ತರಗತಿಗೆ ಹೋಗಲು ಬಿಡುತ್ತಾರೆ, ಫೇಲಾದದ್ದನ್ನು ಆಮೇಲೆ ಬರೆಯಬೇಕು. ಎಟಿಕೆಟಿ, ಅಂದರೆ ಅಲೌಡ್ ಟು ಕೀಪ್ ಟರ್ಮ್ಸ್. ಹೆಸರು ನೋಡಿ, ಉಳಿಯಲು ಅಪ್ಪಣೆ ಅಂತ. ಹುಡುಗರು ಹೊರಟು ಹೋಗುವುದು ಸರಿಯಾಗಿ ಈ ಅಪ್ಪಣೆ ಸಿಕ್ಕಿದ ದಿನವೇ. "ಕೆಟಿ ಬಿತ್ತು ಸರ್" ಅನ್ನುವಾಗ ಅವರ ಮುಖ, ಬಾವಿಗೆ ಏನೋ ಬಿದ್ದ ಹಾಗೆ ಇರುತ್ತದೆ. ಊರಿಗೆ ಫೋನು ಮಾಡಿ ಮನೆಯವರಿಗೆ "ಫೇಲ್" ಅಂತಲೇ ಹೇಳುತ್ತಾರೆ. ಕೆಟಿ ಅಂದರೆ ಏನು ಅಂತ ಹಳ್ಳಿಯ ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಈಗ ಫಲಿತಾಂಶ ಬಂದ ದಿನ ನಾನು ಕ್ಲಾಸಿನಲ್ಲಿ ನನ್ನ ಹಳೆಯ ಮಾರ್ಕ್ಸ್‌ಶೀಟ್ ತೋರಿಸುತ್ತೇನೆ. ಎಫ್‌ವೈನಲ್ಲಿ, ಅಂದರೆ ಮೊದಲ ವರ್ಷ, ನನಗೂ ಎರಡು ಬಿದ್ದಿದ್ದವು. ಅದರಲ್ಲಿ ಒಂದು ಅಕೌಂಟ್ಸ್. ಜೋರಾಗಿ ನಗುತ್ತಾರೆ. ನಗಲಿ.

ಒಂದು ವಿಷಯ ಮಾತ್ರ ಪಾಠದಿಂದ, ಪಾಸಿನ ಫಾರ್ಮಿನಿಂದ ಬಗೆಹರಿಯುವುದಿಲ್ಲ. ಅದು ಸಮಯ. ಮತ್ತು ಹುಡುಗರ ಸಮಯ ಅವರದಲ್ಲ, ಸೇಠ್‌ದು.

ಆ ಹೆಬ್ರಿ ಹುಡುಗ ಎರಡನೇ ವರ್ಷ ದಸರಾ ಹೊತ್ತಿಗೆ ಬರುವುದು ನಿಂತಿತು. ಫೋನು ಮಾಡಿದರೆ "ರಶ್ ಸರ್" ಅಂದ. ಒಂದು ಭಾನುವಾರ ಬೆಳಿಗ್ಗೆ ನಾನೇ ಅವನ ಹೋಟೆಲಿಗೆ ಹೋದೆ. ಮಾಲಕರು ನಮ್ಮ ಕಡೆಯವರೇ. ಅರವತ್ತು ದಾಟಿದವರು, ಹಣೆಯಲ್ಲಿ ಗಂಧ, ಗಲ್ಲೆಯ ಹಿಂದೆ ದೇವರ ಪಟ. ಮರ್ಯಾದೆಯಿಂದ ಕೂರಿಸಿದರು. ಕಾಫಿ ಬಂತು, ಬೇಡ ಅಂದರೂ ಇಡ್ಲಿ ಬಂತು. ನಾನು ವಿಷಯ ತೆಗೆದೆ. ಅವರು ಕೇಳಿ ಮುಗಿಸಿ, "ಮಾಸ್ಟ್ರೇ, ನೀವು ಹೇಳುದು ಸರಿಯೇ. ಆದ್ರೆ ನನ್ನ ವ್ಯಾಪಾರ ಇರುದು ಸಂಜೆ ಏಳರಿಂದ ಹತ್ತು. ಆಗ್ಲೇ ನಿಮ್ಮ ಕ್ಲಾಸು. ನಾನೂ ರಾತ್ರಿ ಶಾಲೆಯಲ್ಲೇ ಹತ್ತನೆಯದು ಮಾಡಿದವ. ಓದು ಬೇಡ ಅಂತ ನಾನು ಯಾಕೆ ಹೇಳ್ಲಿ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ನಿಜವಾದ ಮಾತು ಹೇಳಿದರು. "ಓದಿದ್ರೆ ಅವ ನನ್ನ ಹತ್ರ ನಿಲ್ತಾನಾ? ಒಂದು ಹುಡುಗನ್ನ ತಯಾರು ಮಾಡ್ಲಿಕ್ಕೆ ನನಗೆ ಎರಡು ವರ್ಷ ಬೇಕು. ಡಿಗ್ರಿ ಆದ ಮರುದಿನ ಅವ ಬ್ಯಾಂಕಿಗೋ ಎಲ್ಲಿಗೋ ಹೋಗ್ತಾನೆ. ನೀವು ನಿಮ್ಮ ಹುಡುಗನ್ನ ಉಳಿಸ್ಕೊಳ್ಳಿಕ್ಕೆ ಬಂದಿದ್ದೀರಿ. ನಾನು ನನ್ನ ಹುಡುಗನ್ನ ಉಳಿಸ್ಕೊಳ್ಬೇಡ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಇಡ್ಲಿ ತಿಂದೆ. ಹುಡುಗರು ಯಾಕೆ ಬಿಡುತ್ತಾರೆ ಅಂತ ಎಷ್ಟು ಓದಿದ್ದರೂ, ಅವನನ್ನು ಹಿಡಿದುಕೊಳ್ಳಲು ಇನ್ನೊಬ್ಬರಿಗೂ ಅಷ್ಟೇ ನ್ಯಾಯವಾದ ಕಾರಣ ಇರಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹುಡುಗ ಬೆಳಿಗ್ಗೆ ಐದಕ್ಕೆ ಶಟರ್ ಎತ್ತುವ ಪಾಳಿಗೆ ಬರುವುದು, ಸಂಜೆ ಆರಕ್ಕೆ ಬಿಡುವುದು. ವಾರದಲ್ಲಿ ಐದು ದಿನ. ಶನಿವಾರ ಕೇಳಬಾರದು. ಶನಿವಾರದ ಪಾಠವನ್ನು ನಾನು ಫೋನಿನಲ್ಲಿ ಮಾತಾಡಿ ಕಳಿಸುವುದು. ಅಷ್ಟಾಗಿದ್ದು ನನ್ನ ಸಾಮರ್ಥ್ಯದಿಂದಲ್ಲ, ಅವರು ಒಳ್ಳೆಯವರಾಗಿದ್ದರಿಂದ. ಎಲ್ಲ ಸೇಠ್‌ಗಳೂ ಹಾಗಿಲ್ಲ. ಇನ್ನೊಂದು ಕಡೆ ನನ್ನನ್ನು ಗಿರಾಕಿ ಅಂದುಕೊಂಡು ಒಳಗೆ ಕರೆದವರು, ವಿಷಯ ತಿಳಿದ ಮೇಲೆ ನೀರೂ ಕೊಡಲಿಲ್ಲ.

ಹುಡುಗಿಯರ ಕಥೆ ಬೇರೆ. ಅವರು ಪಾಠದಲ್ಲಿ ಹಿಂದೆ ಬಿದ್ದು ಬಿಡುವುದು ಕಡಿಮೆ. ಕ್ಲಾಸು ಮುಗಿಯುವುದು ಒಂಬತ್ತೂವರೆಗೆ, ಸ್ಟೇಷನ್ನಿಗೆ ಹೋಗುವ ಗಲ್ಲಿಯಲ್ಲಿ ದೀಪ ಇಲ್ಲ, ಅಣ್ಣನಿಗೆ ಇಷ್ಟವಿಲ್ಲ. ಅಷ್ಟಕ್ಕೇ ಒಂದು ವರ್ಷ ಮೂವರು ಹೋದರು. ಈಗ ಕೊನೆಯ ಪೀರಿಯಡ್ಡನ್ನು ಹತ್ತು ನಿಮಿಷ ಮೊದಲು ಬಿಟ್ಟು ಎಲ್ಲರೂ ಗುಂಪಾಗಿ ಸ್ಟೇಷನ್ನಿಗೆ ಹೋಗುತ್ತೇವೆ. ಗಲ್ಲಿಗೆ ದೀಪ ಹಾಕಿಸಲು ಕೊಟ್ಟ ಅರ್ಜಿ ಎಲ್ಲಿದೆಯೋ ದೇವರೇ ಬಲ್ಲ.

ಹಸಿವೂ ಇದೆ. ಹೋಟೆಲಿನವರಿಗೆ ಊಟದ ಚಿಂತೆಯಿಲ್ಲ, ಉಳಿದವರು ಮಧ್ಯಾಹ್ನ ಒಂದಕ್ಕೆ ತಿಂದು ರಾತ್ರಿ ಹತ್ತರವರೆಗೆ ಇರಬೇಕು. ಎಂಟು ಗಂಟೆಗೆ ಯಾರ ಕಿವಿಗೆ ಟ್ರಯಲ್ ಬ್ಯಾಲೆನ್ಸ್ ಹೋಗುತ್ತದೆ? 2008ರಿಂದ ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಕೆಲಸ ಮಾಡುತ್ತಿರುವ ಮಾಸೂಮ್ ಅನ್ನುವ ಸಂಸ್ಥೆ ಪುಸ್ತಕ, ಪ್ರಯೋಗದ ಸಲಕರಣೆ ಕೊಡುವ ಜೊತೆಗೆ ಮಕ್ಕಳಿಗೆ ತಿನ್ನಲೂ ಕೊಡುತ್ತದೆ. ಬುದ್ಧಿವಂತರ ಕೆಲಸ. ನಮ್ಮಲ್ಲಿ ಅಷ್ಟು ಅನುಕೂಲವಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ವಾರಕ್ಕೆರಡು ದಿನ ಬಾಳೆಹಣ್ಣು ಕಳಿಸುತ್ತಾನೆ. ಆ ಎರಡು ದಿನ ಹಾಜರಿ ಸ್ವಲ್ಪ ಜಾಸ್ತಿ ಇರುತ್ತದೆ ಅಂತ ನನ್ನ ಅನುಮಾನ.

ಕೆಲಸ ಮಾಡುವವರಿಗೆ ಅವರ ಹೊತ್ತಿಗೇ ಶಾಲೆ ಇರಬೇಕು ಅನ್ನುವುದು ಹೊಸ ಮಾತೇನೂ ಅಲ್ಲ. ಇಲ್ಲೇ ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲಿ ರೈತರಿಗೆ, ಕೂಲಿಗಳಿಗೆ ಅಂತ ರಾತ್ರಿ ಶಾಲೆ ತೆರೆದರು. ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ, ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಶುರುಮಾಡಿದಾಗ ಬೆಳಗಿನ ಹೊತ್ತು ಪಾಠ ಇಟ್ಟರು, ನೌಕರಿಯವರು ಓದಿ ಕೆಲಸಕ್ಕೆ ಹೋಗಲಿ ಅಂತ. ಹಾಗೆಯೇ ನಮ್ಮ ಕರಾವಳಿಯವರು, ಮೊಗವೀರರು, ಬಿಲ್ಲವರು, ಇನ್ನೂ ಎಷ್ಟೋ ಸಂಘದವರು ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆ ನಡೆಸಿದರು. ಸಂಘದವರಿಗೆ ಒಂದು ಅನುಕೂಲವಿತ್ತು. ಹುಡುಗ ಶಾಲೆ ತಪ್ಪಿಸಿದರೆ ಭಾನುವಾರ ಸಂಘದ ಭಜನೆಯಲ್ಲಿ ಯಾರಾದರೂ ಅವನ ಕಿವಿ ಹಿಂಡುತ್ತಿದ್ದರು. ಸೇಠ್ ಅದೇ ಸಂಘದ ಸದಸ್ಯ, ಮೇಷ್ಟ್ರೂ ಅದೇ ಸಂಘದವರು. ಈಗ ಆ ಬಲೆ ಸಡಿಲವಾಗಿದೆ. ಕನ್ನಡ ರಾತ್ರಿ ಶಾಲೆಗಳಲ್ಲಿ ಎಷ್ಟೋ ಮುಚ್ಚಿವೆ. ಹುಡುಗರು ಈಗ ಎಲ್ಲ ಕಡೆಯಿಂದ ಬರುತ್ತಾರೆ, ಯಾರು ಯಾರಿಗೂ ಪರಿಚಯವಿಲ್ಲ. ಕಿವಿ ಹಿಂಡುವುದು ಬೇಕು ಅಂತ ನಾನು ಹೇಳುತ್ತಿಲ್ಲ. ಕಾಣದಿದ್ದಾಗ ಕೇಳುವವರು ಬೇಕು.

ಹೊಸ ಶಿಕ್ಷಣ ನೀತಿ ಬಂದ ಮೇಲೆ ಇನ್ನೊಂದು ಮಾತು ಕೇಳಿಬರುತ್ತಿದೆ. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ. ಓದಿದ್ದು ಕ್ರೆಡಿಟ್ ಅನ್ನುವ ಅಂಕಗಳಾಗಿ ಬ್ಯಾಂಕು ಅಂತ ಕರೆಯುವ ಒಂದು ದಾಖಲೆಯಲ್ಲಿ ಜಮಾ ಇರುತ್ತದೆ, ಆಮೇಲೆ ಬಂದು ಮುಂದುವರಿಸಬಹುದು. ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಎರಡು ಪಕ್ಷ. ಬಿಡುವವರಿಗೆ ಇದು ದಾರಿ ಮಾಡಿಕೊಟ್ಟ ಹಾಗೆ ಅಂತ ಕೆಲವರು. ನಾನು ಆ ಪಕ್ಷದವನಲ್ಲ. ನಾನು ಓದಿದಷ್ಟಕ್ಕೆ ಅವತ್ತು ಒಂದು ಕಾಗದ ಸಿಕ್ಕಿದ್ದರೆ ಮೂರು ವರ್ಷ ಟೇಬಲ್ ಒರೆಸುವ ಬದಲು ಎಲ್ಲಾದರೂ ಗುಮಾಸ್ತನಾಗುತ್ತಿದ್ದೆ. ಆದರೆ ಬ್ಯಾಂಕಿನಲ್ಲಿ ಜಮಾ ಇದೆ ಅಂತ ಹೇಳಲು ಹೋಟೆಲಿಗೆ ಯಾರು ಬರುತ್ತಾರೆ? ಪಾಸ್‌ಬುಕ್ ಮರೆತವನ ದುಡ್ಡು ಬ್ಯಾಂಕಿನಲ್ಲೇ ಕೊಳೆಯುತ್ತದೆ. ಹತ್ತನೆಯದು ಬಿಟ್ಟವರಿಗೂ ಇಲ್ಲಿ ದಾರಿಯಿದೆ. 17 ನಂಬರ್ ಫಾರ್ಮ್ ತುಂಬಿ ಹೊರಗಿನಿಂದ ಪರೀಕ್ಷೆಗೆ ಕೂರಬಹುದು. ನಮ್ಮ ಕಾಲೇಜಿನಿಂದ ನೂರು ಹೆಜ್ಜೆ ದೂರದ ಚಾದಂಗಡಿಯ ಹುಡುಗನಿಗೆ ಅದು ಗೊತ್ತಿರಲಿಲ್ಲ. ಮೂರು ವರ್ಷದಿಂದ ನನಗೆ ಚಾ ಕೊಡುತ್ತಿದ್ದ. ನಾನೂ ಕೇಳಿರಲಿಲ್ಲ.

75 ಪರ್ಸೆಂಟ್ ಹಾಜರಿ ನಿಯಮದ ಬಗ್ಗೆ ಬರೆಯಬೇಕು ಅಂತಿದ್ದೆ. ಬೇಡ. ನಾನು ಆ ವಿಷಯದಲ್ಲಿ ಏನು ಮಾಡುತ್ತೇನೆ ಅನ್ನುವುದನ್ನೂ ಬರೆಯಬೇಕಾಗುತ್ತದೆ.

ಮುಗಿಸಿದವರ ಲೆಕ್ಕ ಹಿಡಿಯಲು ಹೋದಾಗ ನನಗೇ ಗೊಂದಲವಾಗುತ್ತದೆ. ಎಸ್‌ವೈ ಬಿಟ್ಟು ರೆಫ್ರಿಜರೇಷನ್ ಕಲಿತು ಈಗ ಸ್ವಂತ ಅಂಗಡಿ ಇಟ್ಟವನನ್ನು ಯಾವ ಕಾಲಮಿಗೆ ಹಾಕಲಿ? ಡಿಗ್ರಿ ಮುಗಿಸಿ, ಅದೇ ಹೋಟೆಲಿನಲ್ಲಿ ಅದೇ ಸಪ್ಲೈ ಮಾಡುತ್ತಿರುವವನನ್ನು? ಅವನು ಬೇಸರದಲ್ಲೇನೂ ಇಲ್ಲ. ಮಗಳ ಶಾಲೆಯ ಫಾರ್ಮಿನಲ್ಲಿ ತಂದೆಯ ವಿದ್ಯಾಭ್ಯಾಸ ಅನ್ನುವ ಕಡೆ ಬಿಕಾಂ ಅಂತ ಬರೆದೆ ಸರ್, ಅಂತ ಹೇಳಲೆಂದೇ ಒಂದು ದಿನ ಬಂದಿದ್ದ.

ಹೆಬ್ರಿ ಹುಡುಗ ಟಿವೈ, ಅಂದರೆ ಮೂರನೇ ವರ್ಷ, ಮುಗಿಸಿದ. ಸೇಠ್ ಹೇಳಿದ ಹಾಗೇ ಆಯಿತು. ಫಲಿತಾಂಶ ಬಂದು ಎರಡೇ ತಿಂಗಳಿಗೆ ಅವನಿಗೆ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಸಿಕ್ಕಿ ಹೋಟೆಲು ಬಿಟ್ಟ. ನಾನು ಆ ಕಡೆ ಹೋಗುವುದನ್ನೇ ನಿಲ್ಲಿಸಿದೆ. ಮುಖ ತೋರಿಸಲು ಸಂಕೋಚ.

ಹೋದ ವಾರ ಅವರದ್ದೇ ಫೋನು ಬಂತು.

"ಮಾಸ್ಟ್ರೇ, ನಿಮ್ಮ ಹುಡುಗ ಹೋದ ಮಾರಾಯ್ರೆ."

"ಹೌದು, ಗೊತ್ತಾಯ್ತು" ಅಂದೆ. ಮುಂದೇನು ಹೇಳುವುದು ತಿಳಿಯಲಿಲ್ಲ.

"ಇಲ್ಲಿ ಇನ್ನೊಬ್ಬ ಇದ್ದಾನೆ. ಶಂಕರನಾರಾಯಣ ಊರಿನವ. ಹತ್ತನೆಯದು ಆಗಿದೆ, ಶಾಲೆ ಬಿಟ್ಟ ಸರ್ಟಿಫಿಕೇಟ್ ಊರಿಂದ ತರಿಸಿದ್ದೇನೆ. ಅಡ್ಮಿಷನ್ ಸಿಗುತ್ತದಾ ನೋಡಿ."

"ಸಿಗುತ್ತದೆ, ನಾಳೆಯೇ ಕಳಿಸಿ. ಕ್ಲಾಸು ಆರೂವರೆಗೆ."

"ಆರೂವರೆ ಆಗ್ಲಿಕ್ಕಿಲ್ಲ. ಏಳಕ್ಕೆ ಬಿಡ್ತೇನೆ."

"ಏಳಕ್ಕೆ ಬಿಟ್ರೆ ಏಳೂಕಾಲಿಗೆ ಬರ್ತಾನೆ. ಮೊದಲ ಪೀರಿಯಡ್ ಅಕೌಂಟ್ಸ್, ನಂದೇ."

ಆ ಕಡೆ ಗಲ್ಲೆಯಲ್ಲಿ ಚಿಲ್ಲರೆ ಎಣಿಸುವ ಸದ್ದು ಕೇಳಿತು. ಯಾರಿಗೋ "ಎರಡು ಮಸಾಲೆ" ಅಂತ ಕೂಗಿದರು.

"ಆರೂಮುಕ್ಕಾಲು" ಅಂದರು. "ಅದಕ್ಕಿಂತ ಮೊದಲು ಕೇಳ್ಬೇಡಿ."